20 ವರ್ಷದ ಅನುಭವ ಇದ್ದರೆ ಒಳ್ಳೆಯ ಥೆರಪಿಸ್ಟ್ ಅಂತಾನಾ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಆತಂಕಕ್ಕೆ ಥೆರಪಿ ತಗೋಬೇಕು ಅಂತಿದ್ದೇನೆ. ನಮ್ಮೂರಲ್ಲಿ ಇಬ್ಬರಿದ್ದಾರೆ. ಒಬ್ಬರಿಗೆ 20 ವರ್ಷದ ಅನುಭವ, ಫೀಸೂ ಜಾಸ್ತಿ. ಇನ್ನೊಬ್ಬರು ಈಗಷ್ಟೇ ಓದು ಮುಗಿಸಿದವರು. ಸೀನಿಯರ್ ಹತ್ತಿರಾನೇ ಹೋಗಬೇಕು ಅಲ್ವಾ?

ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಎಲ್ಲರೂ ಕೇಳುವುದು ವರ್ಷ ಮತ್ತು ಫೀಸು, ಎರಡೇ. ಅವರು ನನ್ನ ಮಾತು ಕೇಳಿಸಿಕೊಳ್ಳುತ್ತಾರಾ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಇವತ್ತು ಉದ್ದಕ್ಕೆ ಬರೆಯುತ್ತಿದ್ದೇನೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ನೋಡಿ. ಅದು ಇರಲೇಬೇಕು. ಅದಾದ ಮೇಲೆ ವರ್ಷದ ಲೆಕ್ಕ ಬಿಟ್ಟುಬಿಡಿ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ 170 ಥೆರಪಿಸ್ಟರ ಹಲವು ವರ್ಷಗಳ ದಾಖಲೆ ನೋಡಿತು. ಕ್ಲೈಂಟ್‌ಗಳು 6,500ಕ್ಕೂ ಹೆಚ್ಚು. ವರ್ಷ ಕಳೆದಂತೆ ಆ ಥೆರಪಿಸ್ಟರ ಕೆಲಸ ಸುಧಾರಿಸಿರಲಿಲ್ಲ, ಸರಾಸರಿಯಲ್ಲಿ ಒಂಚೂರು ಇಳಿದಿತ್ತು.

ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಬಡಗಿಗೆ ಅಲ್ಲೇ ಗೊತ್ತಾಗುತ್ತದೆ. ನಮ್ಮಂಥ ಥೆರಪಿಸ್ಟರಿಗೆ ಗೊತ್ತಾಗುವುದಿಲ್ಲ. ಥೆರಪಿ ಹಿಡಿಸದ ಕ್ಲೈಂಟ್ ಜಗಳ ಆಡುವುದಿಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ. ಇನ್ನೊಂದು ಅಧ್ಯಯನದಲ್ಲಿ, 2005ರದ್ದು, ನಿಮ್ಮ ಯಾವ ಕ್ಲೈಂಟ್‌ಗಳ ಸ್ಥಿತಿ ಹದಗೆಡಬಹುದು ಅಂತ ಥೆರಪಿಸ್ಟರನ್ನೇ ಕೇಳಿದರು. 550 ಜನರಲ್ಲಿ 40 ಮಂದಿ ಹದಗೆಟ್ಟರು. ಥೆರಪಿಸ್ಟರು ಗುರುತಿಸಿದ್ದು ಮೂವರನ್ನು, ಅದರಲ್ಲಿ ಸರಿಯಾಗಿದ್ದದ್ದು ಒಂದು.

ನಮ್ಮ ಕಡೆ ಇದು ಇನ್ನೂ ಕಷ್ಟ. ನಮ್ಮಲ್ಲಿ ದೊಡ್ಡವರಿಗೆ, ಓದಿದವರಿಗೆ ಎದುರು ಮಾತಾಡುವ ರೂಢಿ ಇಲ್ಲ. ಕೆಲಸದ ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬರುತ್ತಿದ್ದರು. ಹೇಗಿದ್ದೀರಿ ಅಂದರೆ ಪ್ರತಿ ಸಲವೂ "ಪರವಾಗಿಲ್ಲ ಮೇಡಂ". ನಾನು ಫೈಲಿನಲ್ಲಿ ಸುಧಾರಣೆ ಅಂತ ಬರೆದುಕೊಂಡೆ. ಏಳನೇ ಸೆಷನ್ ಆದ ಮೇಲೆ ಅವರು ಬರಲಿಲ್ಲ. ವರ್ಷದ ನಂತರ ಸಿಕ್ಕಾಗ ಹೇಳಿದರು: ನಾನು ದಿನಾ ಮಾಡಲು ಹೇಳಿದ್ದ ಉಸಿರಾಟದ ಅಭ್ಯಾಸವನ್ನು ಅವರು ಒಂದು ದಿನವೂ ಮಾಡಿರಲಿಲ್ಲ. ಒಂದೇ ಕೋಣೆಯ ಮನೆ, ಐದು ಜನ, ಎಲ್ಲಿ ಕೂರುವುದು? "ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಮೇಡಂ" ಅಂದರು. ಮನೆ ಹೇಗಿದೆ ಅಂತ ನಾನು ಕೇಳಿಯೇ ಇರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವತ್ತಿನಿಂದ ಪ್ರತಿ ಸೆಷನ್ ಕೊನೆಗೆ ಒಂದು ಚೀಟಿ ಕೊಡುತ್ತೇನೆ. ಇವತ್ತು ನಿಮಗೆ ಬೇಕಾದ ವಿಷಯ ಮಾತಾಡಿದೆವಾ? ನಾನು ಏನು ತಪ್ಪಾಗಿ ಅರ್ಥ ಮಾಡಿಕೊಂಡೆ? ಬಾಯಲ್ಲಿ ಹೇಳಲು ಆಗದ್ದನ್ನು ಜನ ಬರೆಯುತ್ತಾರೆ.

1973ರಲ್ಲಿ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ ಅವರು ಭಾರತದ ಥೆರಪಿಗೆ ಗುರು–ಶಿಷ್ಯ ಸಂಬಂಧ ಮಾದರಿ ಆಗಬಹುದು ಅಂತ ಬರೆದರು. ನೇಕಿ ಅವರ ಮೇಲೆ ನನಗೆ ತುಂಬಾ ಗೌರವ ಇದೆ. ನಮ್ಮ ಜನ ಥೆರಪಿಸ್ಟರಿಂದ ದಾರಿ ತೋರಿಸುವುದನ್ನು ಬಯಸುತ್ತಾರೆ ಅನ್ನುವುದೂ ನಿಜ. ಆದರೆ ಗುರುವಿಗೆ ಶಿಷ್ಯ "ನೀವು ಹೇಳಿದ್ದು ಕೆಲಸ ಮಾಡಲಿಲ್ಲ" ಅನ್ನುವುದಿಲ್ಲ. ಥೆರಪಿಯಲ್ಲಿ ಆ ಮಾತು ಬಾರದಿದ್ದರೆ ನಾನು ಕುರುಡಿ. ನನ್ನ ಹೆದರಿಕೆ ಇರುವುದು ಅಲ್ಲೇ.

ಹಾಗಾಗಿ ಇಬ್ಬರಲ್ಲಿ ಯಾರ ಹತ್ತಿರ ಬೇಕಾದರೂ ಹೋಗಿ, ಮೂರು ಸೆಷನ್ ನೋಡಿ. ಎಲ್ಲಿಗೆ ತಲುಪಬೇಕು ಅನ್ನುವುದನ್ನು ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೀರಾ? ಅವರು ಮಾಡಲು ಹೇಳಿದ ಅಭ್ಯಾಸ ಯಾಕೆ ಅಂತ ನಿಮಗೆ ಅರ್ಥ ಆಗಿದೆಯಾ? ಅವರ ಮೇಲೆ ನಂಬಿಕೆ ಹುಟ್ಟಿದೆಯಾ? 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ ಈ ಮೂರನ್ನೂ ಸೇರಿಸಿ ಥೆರಪಿಯ ಒಡನಾಟ ಅಂದರು. ಆಮೇಲೆ ಬಂದ ನೂರಾರು ಅಧ್ಯಯನಗಳಲ್ಲೂ ಒಡನಾಟ ಗಟ್ಟಿ ಇದ್ದ ಕಡೆ ಫಲ ಹೆಚ್ಚು ಕಂಡಿದೆ. ಇಷ್ಟಾದ ಮೇಲೆ ಒಂದು ಸಲ ಧೈರ್ಯ ಮಾಡಿ, "ಹೋದ ವಾರ ನೀವು ಹೇಳಿದ್ದು ನನಗೆ ಸರಿ ಅನಿಸಲಿಲ್ಲ" ಅನ್ನಿ. ಮುಖ ಗಂಟಿಕ್ಕಿದರೆ, ನಿಮ್ಮ ಮನಸ್ಸೇ ಬದಲಾಗಲು ಒಪ್ಪುತ್ತಿಲ್ಲ ಅಂತ ನಿಮ್ಮ ಮೇಲೇ ಹಾಕಿದರೆ, ಎದ್ದು ಬನ್ನಿ. "ಯಾವ ಮಾತು? ಹೇಳಿ" ಅಂತ ಮುಂದೆ ಬಾಗಿ ಕೇಳಿದರೆ ಅಲ್ಲೇ ಉಳಿಯಿರಿ, ಅವರು 26ರ ಹುಡುಗಿಯಾದರೂ ಸರಿ.

ಒಂದು ಎಚ್ಚರಿಕೆ. ಒಳ್ಳೆಯ ಮಾತೊಂದೇ ಸಾಲುವುದಿಲ್ಲ. ಗೀಳು ಕಾಯಿಲೆ (ಒಸಿಡಿ, ಅಂದರೆ ಒಂದೇ ಹೆದರಿಕೆ ಕಾಡಿ ಕೈ ತೊಳೆಯುವಂಥ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಇದ್ದವರಿಗೆ ವರ್ಷಗಟ್ಟಲೆ "ಏನೂ ಆಗಲ್ಲ, ಬಿಡಿ" ಅಂತ ಸಮಾಧಾನ ಹೇಳುತ್ತಾ ಕೂತರೆ ಗೀಳು ಬೆಳೆಯುತ್ತದೆ. ಅಲ್ಲಿ ಹೆದರಿಕೆಯನ್ನು ಹಂತ ಹಂತವಾಗಿ ಎದುರಿಸಬೇಕು, ಮತ್ತೆ ಮತ್ತೆ ಕೈ ತೊಳೆಯದೆ ತಡೆದುಕೊಳ್ಳಬೇಕು. ಅದನ್ನು ಮಾಡಿಸುವ ವಿಧಾನ ಕಲಿತವರೇ ಬೇಕು.

ಪ್ರಶ್ನೆ: ಪೂರ್ವಜನ್ಮಕ್ಕೆ ಕರೆದೊಯ್ದು ಒಂದೇ ಸೆಷನ್‌ನಲ್ಲಿ ಖಿನ್ನತೆ ವಾಸಿ ಮಾಡುತ್ತಾರಂತೆ. 15,000 ರೂಪಾಯಿ. ಮಾತ್ರೆ ನಿಲ್ಲಿಸಿ ಬನ್ನಿ ಅಂದಿದ್ದಾರೆ. ಹೋಗಲಾ?

ಹೋಗಬೇಡಿ. ದುಡ್ಡು ಹೋದರೆ ಸಂಪಾದಿಸಬಹುದು. ಮಾತ್ರೆ ದಿಢೀರ್ ನಿಲ್ಲಿಸಿ ಆಸ್ಪತ್ರೆ ಸೇರಿದವರನ್ನು ನಾನು ನೋಡಿದ್ದೇನೆ. ನಿಮ್ಮ ಮನೋವೈದ್ಯರನ್ನು ಕೇಳದೆ ಯಾರ ಮಾತಿಗೂ ಮಾತ್ರೆ ಬಿಡಬೇಡಿ.

ಪ್ರಶ್ನೆ: 22 ವರ್ಷದ ಮಗಳು ಥೆರಪಿಸ್ಟ್ ಹತ್ತಿರ ಏನು ಹೇಳುತ್ತಾಳೆ ಅಂತ ತಾಯಿಯಾಗಿ ತಿಳಿದುಕೊಳ್ಳಬಹುದಾ?

ಇಲ್ಲ ಅಮ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವಳಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಇದ್ದಾಗ ಮಾತು ಬೇರೆ. ಸುಮ್ನೆ ಕೇಳಿದ್ದಕ್ಕೇ ಎಲ್ಲ ಹೇಳಿಬಿಡುವ ಥೆರಪಿಸ್ಟ್ ನಿಮ್ಮ ಮಗಳಿಗೆ ಬೇಡ.

ಪ್ರಶ್ನೆ: ಈ ವಾರ ಸಾಯಬೇಕು ಅಂತ ಜಾಸ್ತಿ ಅನಿಸುತ್ತಿದೆ. ಮುಂದಿನ ಸೆಷನ್‌ಗೆ ಇನ್ನೂ 10 ದಿನ ಇದೆ. ಮಧ್ಯದಲ್ಲಿ ಫೋನ್ ಮಾಡಿ ನನ್ನ ಥೆರಪಿಸ್ಟ್ ಮೇಡಂಗೆ ತೊಂದರೆ ಕೊಡುವುದು ಬೇಡ ಅಂತ ಸುಮ್ಮನಿದ್ದೇನೆ.

ಇದು ತೊಂದರೆ ಅಲ್ಲವೇ ಅಲ್ಲ. ಈಗಲೇ ಫೋನ್ ಮಾಡಿ. ಅವರು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಡೆಯಲಾಗದಷ್ಟು ಅನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿಬಿಡಿ. ಮನೆಯಲ್ಲಿ ಒಬ್ಬರಿಗೆ, ಅಕ್ಕನಿಗೋ ಗೆಳತಿಗೋ, ನನಗೆ ಬರೆದ ಈ ಸಾಲನ್ನೇ ತೋರಿಸಿ. ಇವತ್ತು ರಾತ್ರಿ ಒಬ್ಬರೇ ಮಲಗಬೇಡಿ.