ಬಿ.ಎ. ಓದಿದವರು ಮೆಡಿಕಲ್ ಲೈಬ್ರರಿಯನ್ ಆಗಬಹುದಾ?

ಪ್ರಶ್ನೆ: ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದ್ದೇನೆ. ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಆಸೆ. ಸೈನ್ಸ್ ಓದದವರನ್ನು ತೆಗೆದುಕೊಳ್ಳುತ್ತಾರಾ? ಬೇಗ ಕೆಲಸ ಸಿಗಲು ಸರ್ಟಿಫಿಕೇಟ್ ಕೋರ್ಸ್ ಸಾಕಾ?
– ಓದುಗರು, ಶಿವಮೊಗ್ಗ

ಉತ್ತರ: ತೆಗೆದುಕೊಳ್ಳುತ್ತಾರೆ. ಲೈಬ್ರರಿ ಸೈನ್ಸ್ ಕೋರ್ಸಿಗೆ ಯಾವುದೇ ಪದವಿ ನಡೆಯುತ್ತದೆ. ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಇದ್ದರೆ ಸಹಾಯಕ, ಟೆಕ್ನಿಷಿಯನ್ ಮಟ್ಟದ ಕೆಲಸ ಸಿಗಬಹುದು: ಪುಸ್ತಕ ಕೊಡುವುದು, ಬಾರ್‌ಕೋಡ್ ಅಂಟಿಸುವುದು, ಲೈಬ್ರರಿಗಳು ಬಳಸುವ ಕೋಹಾ ಸಾಫ್ಟ್‌ವೇರ್‌ನಲ್ಲಿ ಪುಸ್ತಕಗಳ ವಿವರ ತುಂಬುವುದು. ಆದರೆ ಡಿಗ್ರಿ ಕೈಯಲ್ಲಿರುವಾಗ ಅಲ್ಲಿಗೇ ಯಾಕೆ ನಿಲ್ಲಬೇಕು? ಎಂ.ಲಿಬ್., ಅಂದರೆ ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿ, ಮಾಡಿ. ನಿಮ್ಮ ಹತ್ತಿರದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಈ ವಿಭಾಗ ಇದೆ.

ಬಯಾಲಜಿ ಗೊತ್ತಿಲ್ಲ ಅನ್ನುವ ಭಯ ಸುಮ್ನೆ. ಡಾಕ್ಟರು ನಿಮ್ಮನ್ನು ರೋಗದ ಬಗ್ಗೆ ಕೇಳುವುದಿಲ್ಲ, ಆ ರೋಗದ ಮೇಲಿನ ಲೇಖನ ಹುಡುಕಿಕೊಡಿ ಅನ್ನುತ್ತಾರೆ. ಈ ಕೆಲಸದ ಜೀವ ಇರುವುದು ಅಲ್ಲೇ. ನಿಮ್ಮ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ ಅದು. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ಜಾಲತಾಣದಲ್ಲಿ 'ಮಂಕಿ', 'ಫೀವರ್' ಅಂತ ಹಾಕಿದರೆ ಸಂಬಂಧವೇ ಇಲ್ಲದ ಮಂಗಗಳ ಪ್ರಯೋಗಗಳೂ ಬಂದು ಬೀಳುತ್ತವೆ. ಲೇಖನಗಳನ್ನು ವಿಷಯವಾರು ಗುರುತಿಸಲು ಅಲ್ಲಿ ಬಳಸುವ 'ಮೆಶ್' ಎಂಬ ಪದಪಟ್ಟಿಯಲ್ಲಿ ಈ ರೋಗಕ್ಕೆ 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್' ಎಂಬ ನಿಗದಿತ ಶೀರ್ಷಿಕೆ ಇದೆ. ಅದನ್ನು ಹಿಡಿದು ಹುಡುಕಿದರೆ, ಲೇಖಕರು ಆ ರೋಗವನ್ನು ಯಾವ ಹೆಸರಿನಿಂದ ಕರೆದಿದ್ದರೂ ಆ ಶೀರ್ಷಿಕೆಯಡಿ ಸೇರಿಸಿದ ಲೇಖನಗಳೆಲ್ಲ ಸಿಗುತ್ತವೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಪಬ್‌ಮೆಡ್ ಉಚಿತ, ಹಾಗಾಗಿ ಇವತ್ತೇ ಶುರು ಮಾಡಬಹುದು. ಕೋರ್ಸ್ ಮುಗಿಯುವವರೆಗೆ ಕಾಯಬೇಕಿಲ್ಲ.

ಜೊತೆಗೆ ಹೆಲಿನೆಟ್ ಬಗ್ಗೆ ತಿಳಿದುಕೊಳ್ಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಶುರು ಮಾಡಿದ ಜಾಲ ಇದು. ಅದರ ಕಾಲೇಜುಗಳು ಇ-ಜರ್ನಲ್‌ಗಳನ್ನು ಇದರ ಮೂಲಕ ಒಟ್ಟಾಗಿ ಪಡೆಯುತ್ತವೆ. ಪಿ.ಜಿ. ವಿದ್ಯಾರ್ಥಿಗಳಿಗೆ ಥೀಸಿಸ್ ಬರೆಯುವ ಹೊತ್ತಿಗೆ ಇದನ್ನೆಲ್ಲ ಬಳಸಲು ಕಲಿಸುವವರು ಬೇಕು. ಅದನ್ನು ಚೆನ್ನಾಗಿ ಮಾಡುವ ಲೈಬ್ರರಿಯನ್‌ಗೆ ಕಾಲೇಜಿನಲ್ಲಿ ಬೆಲೆಯೇ ಬೇರೆ.

ಕಹಿ ಮಾತೂ ಹೇಳಬೇಕಲ್ವಾ? ಹುದ್ದೆಗಳು ಕಡಿಮೆ. ಸರ್ಕಾರಿ ನೇಮಕಾತಿ ತಡ, ಖಾಸಗಿ ಕಾಲೇಜುಗಳಲ್ಲಿ ಶುರುವಿನ ಸಂಬಳ ಬಹಳ ಸಲ ಬೇಸರ ತರಿಸುತ್ತದೆ. ಹಾಗಾಗಿ ಎಂ.ಲಿಬ್. ಜೊತೆ ಯುಜಿಸಿ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಬರೆಯಿರಿ. ಆಗ ಡಿಗ್ರಿ ಕಾಲೇಜುಗಳ ಬಾಗಿಲೂ ತೆರೆದಿರುತ್ತದೆ. ಔಷಧ ಕಂಪನಿಗಳಲ್ಲೂ ವೈದ್ಯಕೀಯ ಲೇಖನ ಹುಡುಕುವವರಿಗೆ ಕೆಲಸ ಉಂಟು. ಸಂದರ್ಶನಕ್ಕೆ ಹೋಗುವಾಗ ನೀವೇ ಮಾಡಿದ ಎರಡು-ಮೂರು ಹುಡುಕಾಟಗಳನ್ನು, ಬಳಸಿದ ಪದಗಳ ಸಮೇತ, ಪ್ರಿಂಟ್ ತೆಗೆದುಕೊಂಡು ಹೋಗಿ.