ಆಯಿಲ್‌ಫೀಲ್ಡಲ್ಲಿ 1099 ಮೇಲೆ ಕೆಲಸ ಮಾಡೋರಿಗೆ ವರ್ಕರ್ಸ್ ಕಾಂಪ್ ಸಿಗುತ್ತಾ?

ನೀವು ಟೆಕ್ಸಾಸ್‌ನ ಪರ್ಮಿಯನ್ ಬೇಸಿನ್ ಅನ್ನೋ ತೈಲ ಪ್ರದೇಶದಲ್ಲಿ 1099 ಮೇಲೆ, ಅಂದ್ರೆ ಎಂಪ್ಲಾಯಿ ಅಲ್ಲ ಕಾಂಟ್ರಾಕ್ಟರ್ ಅಂತ ತೋರಿಸೋ ಟ್ಯಾಕ್ಸ್ ಫಾರ್ಮ್ ಮೇಲೆ, ವೆಲ್ಡರ್ ಆಗಿದೀರಿ, ಕಂಪನಿಯವರು ವರ್ಕರ್ಸ್ ಕಾಂಪ್ (ಕೆಲಸದಲ್ಲಿ ಏಟಾದ್ರೆ ಚಿಕಿತ್ಸೆಗೆ, ಹೋದ ಸಂಬಳಕ್ಕೆ ದುಡ್ಡು ಕೊಡೋ ಇನ್ಶೂರೆನ್ಸ್) ಸರ್ಟಿಫಿಕೇಟ್ ತನ್ನಿ ಅಂದ್ರು ಅಂತ ಕಡಿಮೆ ದುಡ್ಡಿಗೆ ಒಂದು ಪಾಲಿಸಿ ಮಾಡ್ಸಿದೀರಿ, ನಾಳೆ ಏನಾದ್ರೂ ಏಟಾದ್ರೆ ಅದು ಉಪಯೋಗಕ್ಕೆ ಬರುತ್ತಾ ಅಂತ ಕೇಳಿದೀರಿ. ಕಾಂಟ್ರಾಕ್ಟರ್‌ಗಳ ಇನ್ಶೂರೆನ್ಸ್ ಪೇಪರ್ ಚೆಕ್ ಮಾಡೋದೇ ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳ್ಬಿಡ್ತೀನಿ, ಬಹುಶಃ ಬರಲ್ಲ.

ಆ ಸರ್ಟಿಫಿಕೇಟ್ ಈಗ್ಲೇ ತೆಗೆದು ನೋಡಿ. ಅಕಾರ್ಡ್ 25 ಅನ್ನೋ ಫಾರ್ಮ್ ಇರುತ್ತೆ, ಅದ್ರಲ್ಲಿ ವರ್ಕರ್ಸ್ ಕಾಂಪನ್ಸೇಷನ್ ಸಾಲಲ್ಲಿ ಸಣ್ಣ ಅಕ್ಷರದಲ್ಲಿ ಮಾಲೀಕ, ಪಾರ್ಟ್ನರ್, ಆಫೀಸರ್ ಯಾರನ್ನಾದ್ರೂ ಹೊರಗಿಟ್ಟಿದೆಯಾ ಅಂತ ಕೇಳಿರ್ತಾರೆ, ಪಕ್ಕದಲ್ಲಿ ವೈ ಅಥವಾ ಎನ್ ಹಾಕೋಕೆ ಪುಟ್ಟ ಚೌಕ. ವೈ ಅಂತಿದ್ರೆ ಪಾಲಿಸಿ ನಿಮ್ಮನ್ನೇ ಬಿಟ್ಟು ಮಾಡಿದ್ದು ಅಂತ ಅರ್ಥ. ಇದಕ್ಕೆ ಘೋಸ್ಟ್ ಪಾಲಿಸಿ ಅಂತಾರೆ, ನಿಮ್ಮ ಕೈಕೆಳಗೆ ಯಾರೂ ಇಲ್ಲ, ನೀವೂ ಹೊರಗೆ, ಅಂದ್ಮೇಲೆ ಅದ್ರಲ್ಲಿ ಕವರ್ ಆಗೋ ಮನುಷ್ಯನೇ ಇಲ್ಲ, ಪ್ರೀಮಿಯಂ ಅಷ್ಟು ಕಡಿಮೆ ಇರೋದೂ ಅದಕ್ಕೇ. ಏಜೆಂಟ್‌ಗೆ ಫೋನ್ ಮಾಡಿ, ನಿಮ್ಮನ್ನ ಹೊರಗಿಟ್ಟಿರೋ ಆ ಎಕ್ಸ್‌ಕ್ಲೂಷನ್ ತೆಗೆಸಿದ್ರೆ ಎಷ್ಟು ಜಾಸ್ತಿ ಆಗುತ್ತೆ ಅಂತ ಕೇಳಿ. ನನ್ ಪ್ರಕಾರ ಎಷ್ಟಾದ್ರೂ ಕಟ್ಟೋದೇ ಒಳ್ಳೇದು, ಬಿಸಿ ಪೈಪ್, ಪ್ರೆಷರ್, ಎಚ್‌ಟುಎಸ್ ಅನ್ನೋ ವಿಷದ ಗ್ಯಾಸ್ ಮಧ್ಯೆ ನಿಂತು ಕೆಲಸ ಮಾಡೋರು ನೀವು.

ಆಕ್ಯುಪೇಷನಲ್ ಆಕ್ಸಿಡೆಂಟ್ ಪಾಲಿಸಿ ಅಂತ ಇನ್ನೊಂದನ್ನ ಮಾರ್ತಾರೆ, ಏನೂ ಇಲ್ದೇ ಇರೋದಕ್ಕಿಂತ ವಾಸಿ, ಆದ್ರೆ ಅದು ವರ್ಕರ್ಸ್ ಕಾಂಪ್ ಅಲ್ಲ, ಇಷ್ಟು ಡಾಲರ್ ಇಷ್ಟು ವಾರ ಅಂತ ಮಿತಿ ಇರುತ್ತೆ.

ಟೆಕ್ಸಾಸ್‌ನಲ್ಲಿ ಇನ್ನೊಂದು ತೊಡಕಿದೆ, ಅಲ್ಲಿ ಪ್ರೈವೇಟ್ ಕಂಪನಿಗಳು ತಮ್ಮ ಸ್ವಂತ ಎಂಪ್ಲಾಯಿಗಳಿಗೇ ವರ್ಕರ್ಸ್ ಕಾಂಪ್ ತಗೊಳ್ಳಲೇಬೇಕು ಅಂತಿಲ್ಲ. ತಗೊಳ್ದೇ ಇರೋರನ್ನ ನಾನ್‌ಸಬ್‌ಸ್ಕ್ರೈಬರ್ ಅಂತಾರೆ. ಅಂಥವರ ಮೇಲೆ ಎಂಪ್ಲಾಯಿ ಕೇಸ್ ಹಾಕಿದ್ರೆ 'ತಪ್ಪು ಅವನದ್ದೂ ಇತ್ತು' ಅನ್ನೋ ವಾದ ಕಂಪನಿಗೆ ನಡೆಯಲ್ಲ, ಆದ್ರೆ ಈ ಅನುಕೂಲ ಎಂಪ್ಲಾಯಿಗೆ ಮಾತ್ರ, ಕಾಂಟ್ರಾಕ್ಟರ್‌ಗೆ ಇಲ್ಲ. ಹಾಗಾಗಿ ನೀವು ಯಾರು ಅನ್ನೋದ್ರ ಮೇಲೇ ಎಲ್ಲ ನಿಂತಿದೆ.

ಇಲ್ಲಿ ಸ್ವಲ್ಪ ಧೈರ್ಯ ತಗೊಳ್ಳಿ, 1099 ಕೊಟ್ಟ ಮಾತ್ರಕ್ಕೆ ನೀವು ಕಾಂಟ್ರಾಕ್ಟರ್ ಅಂತ ತೀರ್ಮಾನ ಆಗಿಹೋಗಲ್ಲ. ಎಷ್ಟೊತ್ತಿಗೆ ಬರ್ಬೇಕು, ಕೆಲಸ ಹೇಗೆ ಮಾಡ್ಬೇಕು ಅಂತ ಹೇಳೋ ಹಕ್ಕು ಯಾರಿಗಿತ್ತು, ಗಂಟೆ ಲೆಕ್ಕದಲ್ಲಿ ಸಂಬಳವಾ ಕೆಲಸದ ಲೆಕ್ಕದಲ್ಲಾ, ಇದೆಲ್ಲ ನೋಡ್ತಾರೆ. ಟೆಕ್ಸಾಸ್‌ಗೂ ಅನ್ವಯಿಸೋ ಮೇಲ್ಮನವಿ ಕೋರ್ಟ್ ಆದ ಫೆಡರಲ್ 5ನೇ ಸರ್ಕ್ಯೂಟ್ ಕೋರ್ಟ್ 2019ರಲ್ಲಿ ಡೈರೆಕ್ಷನಲ್ ಡ್ರಿಲ್ಲರ್‌ಗಳನ್ನ (ಬಾವಿಯನ್ನ ಬೇಕಾದ ದಿಕ್ಕಿಗೆ ತಿರುಗಿಸಿ ಕೊರೆಸೋರು) ಕಾಂಟ್ರಾಕ್ಟರ್ ಅಂತು, ಆದ್ರೆ 2020ರಲ್ಲಿ ಪೈಪ್ ವೆಲ್ಡರ್‌ಗಳನ್ನ ಎಂಪ್ಲಾಯಿ ಅಂತು. ಅವು ಓವರ್‌ಟೈಮ್ ಕೇಸ್‌ಗಳು, ಕಾಂಪ್‌ದಲ್ಲ, ಅಲ್ಲಿ ಅಳೆಯೋ ರೀತಿ ಬೇರೆ, ಆದ್ರೂ ಹಣೆಪಟ್ಟಿ ನೋಡಿ ತೀರ್ಪು ಕೊಡಲ್ಲ ಅನ್ನೋದು ಅದ್ರಿಂದ ಗೊತ್ತಾಗುತ್ತೆ.

ಕೆಲಸ ಕೊಟ್ಟ ಜನರಲ್ ಕಾಂಟ್ರಾಕ್ಟರ್ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಂಡು ಅವ್ರ ಪಾಲಿಸಿ ಒಳಗೇ ಸೇರ್ಕೊಳ್ಳೋಕೂ ಟೆಕ್ಸಾಸ್ ಕಾನೂನಲ್ಲಿ ಅವಕಾಶ ಇದೆ, ಪ್ರೀಮಿಯಂನ ನಿಮ್ಮ ಬಿಲ್‌ನಲ್ಲಿ ಹಿಡ್ಕೋಬಹುದು. ಬಾಯಿ ಮಾತಿಗೆ ಒಪ್ಪಬೇಡಿ.

ಇದು ಟೆಕ್ಸಾಸ್ ಮಾತು. ನಾರ್ತ್ ಡಕೋಟಾಗೆ ಹೋದ್ರೆ ಅಲ್ಲಿ ವರ್ಕರ್ಸ್ ಕಾಂಪ್ ಕೊಡೋದು ಸರ್ಕಾರದ ಸ್ಟೇಟ್ ಫಂಡ್ ಒಂದೇ, ಸಮುದ್ರದ ಪ್ಲಾಟ್‌ಫಾರ್ಮ್‌ಗೆ ಹೋದ್ರೆ ಫೆಡರಲ್ ಕಾನೂನು ಬರಬಹುದು.

ಏಟಾಗೇ ಹೋದ್ರೆ 30 ದಿನದ ಒಳಗೆ ಕಂಪನಿಗೆ ತಿಳಿಸಿ, ಬರವಣಿಗೆಯಲ್ಲೇ ತಿಳಿಸಿ, ಒಂದು ವರ್ಷದೊಳಗೆ ಸ್ಟೇಟ್‌ನ ವರ್ಕರ್ಸ್ ಕಾಂಪ್ ಡಿವಿಷನ್‌ಗೆ ಕ್ಲೇಮ್ ಹಾಕಿ. ನೀನು ಕಾಂಟ್ರಾಕ್ಟರ್, ಕ್ಲೇಮ್ ಹಾಕೋಕಾಗಲ್ಲ ಅಂತ ಸೈಟಲ್ಲಿ ಯಾರಾದ್ರೂ ಅಂದ್ರೂ ಸುಮ್ನಿರ್ಬೇಡಿ, ಅದನ್ನ ತೀರ್ಮಾನ ಮಾಡೋರು ಅವ್ರಲ್ಲ. ಟೈಮ್‌ಶೀಟ್, ಬೆಳಗ್ಗೆ ಇಷ್ಟೊತ್ತಿಗೆ ಬಾ ಅಂತ ಬಂದ ಮೆಸೇಜ್‌ಗಳು, ಎಲ್ಲಾನೂ ಇವತ್ತಿಂದ್ಲೇ ಸೇವ್ ಮಾಡಿಟ್ಕೊಳ್ಳಿ.