ಓದುಗರ ಪ್ರಶ್ನೆಗೆ ಉತ್ತರ: ರೇಸಿನ ಮನೆಯಲ್ಲಿ ಹುಟ್ಟಿದವರು

ಪ್ರಶ್ನೆ (ಬಳ್ಳಾರಿ ಕೌಲ್ ಬಜಾರಿನ ಗ್ಯಾರೇಜ್ ಮಾಲೀಕರೊಬ್ಬರಿಂದ): ನಮ್ಮ ತಂದೆಯವರು ಲಾರಿ ಓಡಿಸಿದವರು, ನಾನು ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷದ ಮಗ ಕಾರ್ ರೇಸಿನ ವಿಡಿಯೊ ಬಿಟ್ಟು ಮೇಲೇಳುವುದಿಲ್ಲ. ಅಮೆರಿಕದ ಆಂಡ್ರೆಟ್ಟಿ ಮನೆತನದಲ್ಲಿ ಅಜ್ಜ ವಿಶ್ವ ಚಾಂಪಿಯನ್, ಅಪ್ಪನೂ ಚಾಂಪಿಯನ್, ಮೊಮ್ಮಗ ಮಾತ್ರ ಇಷ್ಟು ವರ್ಷದಲ್ಲಿ ಎರಡೇ ರೇಸ್ ಗೆದ್ದರು ಎಂದು ಅವನು ಹೇಳುತ್ತಾನೆ. ಹೆಸರು, ಹಣ, ಕಾರು ಎಲ್ಲ ಇದ್ದೂ ಹೀಗೇಕಾಯಿತು? ಇಂಥ ಯಾವ ಮನೆತನವೂ ಇಲ್ಲದ ನನ್ನ ಮಗ ಈ ದಾರಿ ಹಿಡಿಯಬಹುದೇ?

ಉತ್ತರ: ನಿಮ್ಮ ಮಗ ಕೊಟ್ಟ ಲೆಕ್ಕ ಸರಿಯಾಗಿಯೇ ಇದೆ. ಮೊಮ್ಮಗ ಮಾರ್ಕೊ ಆಂಡ್ರೆಟ್ಟಿಯವರು ಅಮೆರಿಕದ ಇಂಡಿಕಾರ್ ಎಂಬ ಕಾರ್ ರೇಸ್ ಸರಣಿಯಲ್ಲಿ 2006ರಲ್ಲಿ ಸೊನೋಮಾದಲ್ಲಿ ಒಮ್ಮೆ, 2011ರಲ್ಲಿ ಐಯೊವಾದಲ್ಲಿ ಇನ್ನೊಮ್ಮೆ ಗೆದ್ದರು. ಮೊದಲ ಗೆಲುವಿನ ಹೊತ್ತಿಗೆ ಅವರಿಗೆ 19 ವರ್ಷ. ಆದರೆ ಎರಡು ಎಂಬ ಅಂಕಿಯೊಂದರಿಂದಲೇ ಅವರನ್ನು ಅಳೆಯುವ ಮೊದಲು ಆ ಮನೆಗೆ ಹೆಸರು ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಅಜ್ಜ ಮಾರಿಯೊ ಅವರದು ರೇಸಿನ ಮನೆತನವಾಗಿರಲಿಲ್ಲ. 1940ರಲ್ಲಿ, ಆಗ ಇಟಲಿಗೆ ಸೇರಿದ್ದ, ಈಗ ಕ್ರೊಯೇಷಿಯಾದಲ್ಲಿರುವ ಮೊಂಟೋನಾ ಎಂಬ ಊರಿನಲ್ಲಿ ಹುಟ್ಟಿದ ಅವರು, ಮಹಾಯುದ್ಧದ ನಂತರ ಆ ಪ್ರದೇಶ ಯುಗೊಸ್ಲಾವಿಯಾದ ಪಾಲಾದಾಗ ಮನೆಯವರೊಡನೆ ಊರು ಬಿಟ್ಟು, ಇಟಲಿಯ ಲುಕ್ಕಾದ ನಿರಾಶ್ರಿತರ ಶಿಬಿರದಲ್ಲಿ ಏಳು ವರ್ಷ ಕಳೆದು, 1955ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಅವರೂ ಅವಳಿ ಸಹೋದರ ಆಲ್ಡೊ ಅವರೂ ಸೇರಿ 1948ರ ಹಳೆಯ ಹಡ್ಸನ್ ಕಾರೊಂದನ್ನು ತಾವೇ ರಿಪೇರಿ ಮಾಡಿಕೊಂಡು, ಪೆನ್ಸಿಲ್ವೇನಿಯಾದ ನಜರೆತ್ ಊರಿನ ಮಣ್ಣಿನ ಟ್ರ್ಯಾಕಿನಲ್ಲಿ 1959ರಿಂದ ತಂದೆಗೆ ತಿಳಿಯದಂತೆ ಓಡಿಸತೊಡಗಿದರು. ನಿಮ್ಮ ಗ್ಯಾರೇಜಿನ ಮೂಲೆಯಲ್ಲಿ ನಿಂತಿರಬಹುದಾದ ಒಂದು ಹಳೆಯ ಅಂಬಾಸಿಡರ್ ಕಾರನ್ನು ನೆನೆದುಕೊಳ್ಳಿ; ಅಲ್ಲಿಂದ ಹೊರಟವರು 1967ರಲ್ಲಿ ಡೇಟೋನಾ 500, 1969ರಲ್ಲಿ ಇಂಡಿಯಾನಾಪೊಲಿಸ್ 500 (ಎರಡೂ 500 ಮೈಲಿಯ ರೇಸ್‌ಗಳು), 1978ರಲ್ಲಿ ಲೋಟಸ್ ಕಾರಿನೊಡನೆ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿ ಗೆದ್ದರು. ಈ ಮೂರನ್ನೂ ಗೆದ್ದ ಇನ್ನೊಬ್ಬ ಚಾಲಕರಿಲ್ಲ.

ಮಗ ಮೈಕೆಲ್ ಅವರು 1991ರಲ್ಲಿ ಅಮೆರಿಕದ ಕಾರ್ಟ್ (ಸಿಎಆರ್‌ಟಿ) ಎಂಬ ರೇಸ್ ಸರಣಿಯ ಚಾಂಪಿಯನ್ ಆದರು, ಒಟ್ಟು 42 ರೇಸ್ ಗೆದ್ದರು. ಆದರೆ 1993ರಲ್ಲಿ ಮೆಕ್‌ಲಾರೆನ್ ತಂಡ ಸೇರಿ ಐರ್ಟನ್ ಸೆನ್ನಾ ಅವರ ಜೊತೆಗಾರರಾಗಿ ಫಾರ್ಮುಲಾ ಒನ್‌ಗೆ ಹೋದಾಗ 13 ರೇಸ್‌ಗಳ ನಂತರ ವರ್ಷ ಮುಗಿಯುವ ಮೊದಲೇ ಹಿಂದಿರುಗಬೇಕಾಯಿತು. ಮೊಂಝಾದಲ್ಲಿ ಬಂದ ಮೂರನೆಯ ಸ್ಥಾನವೇ ಅಲ್ಲಿನ ಅತ್ಯುತ್ತಮ ಫಲ. ಇಂಡಿಯಾನಾಪೊಲಿಸ್ 500ರಲ್ಲಂತೂ ಅವರು ಎಲ್ಲ ವರ್ಷ ಸೇರಿ 431 ಸುತ್ತು ಮುಂಚೂಣಿಯಲ್ಲಿದ್ದರೂ ಒಮ್ಮೆಯೂ ಗೆಲ್ಲಲಿಲ್ಲ. 1992ರಲ್ಲಿ 200 ಸುತ್ತುಗಳ ಪೈಕಿ 160ರಲ್ಲಿ ಅವರೇ ಮುಂದಿದ್ದರು. ಇನ್ನು ಹನ್ನೊಂದೇ ಸುತ್ತು ಉಳಿದಿರುವಾಗ ಇಂಧನದ ಪಂಪು ಕೈಕೊಟ್ಟಿತು. ಅದೇ ದಿನ ತಂದೆ ಮಾರಿಯೊ ಅವರ ಕಾಲ್ಬೆರಳುಗಳು ಮುರಿದಿದ್ದವು, ತಮ್ಮ ಜೆಫ್ ಅವರ ಕಾಲುಗಳೇ ಜಜ್ಜಿಹೋಗಿದ್ದವು. ಪಂಪು ಕೆಟ್ಟು ನಿಂತ ಕಾರಿನ ಸಂಕಟ ಗ್ಯಾರೇಜಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ಮೊಮ್ಮಗನ ವಿಷಯಕ್ಕೆ ಬರೋಣ. 2006ರ ಇಂಡಿಯಾನಾಪೊಲಿಸ್ 500 ಮಾರ್ಕೊ ಅವರ ಪಾಲಿಗೆ ಮೊದಲನೆಯದು. ಕೊನೆಯ ಸುತ್ತುಗಳಲ್ಲಿ ಮುಂದೆ ಇದ್ದ ತಂದೆ ಮೈಕೆಲ್ ಅವರನ್ನೇ ದಾಟಿ ಅವರು ಮೊದಲ ಸ್ಥಾನಕ್ಕೆ ಬಂದರು. ಹಿಂದಿನಿಂದ ಸ್ಯಾಮ್ ಹಾರ್ನಿಶ್ ಅವರು ಒಮ್ಮೆ ನುಗ್ಗಲು ನೋಡಿದಾಗ ದಾರಿ ಕೊಡಲಿಲ್ಲ. ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಟಿಪ್ಪರ್ ಹಿಂದೆ ಬೈಕಿನಲ್ಲಿ ಹೋದವರಿಗೆ, ಎದುರುಗಾಳಿ ಏಕಾಏಕಿ ಇಲ್ಲವಾಗಿ ಬೈಕು ತಾನೇ ಮುಂದೆ ಎಳೆದಂತಾಗುವ ಅನುಭವ ಇದ್ದೇ ಇರುತ್ತದೆ. ರೇಸಿನಲ್ಲಿ ಹಿಂದಿನ ಕಾರಿಗೆ ಸಿಗುವ ಲಾಭವೂ ಅದೇ: ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಹಿಂದಿನವರು ಆ ಸೀಳಿನಲ್ಲಿ ವೇಗ ಕೂಡಿಸಿಕೊಂಡು ಸರಿಯಾದ ಕ್ಷಣಕ್ಕೆ ಪಕ್ಕಕ್ಕೆ ಹೊರಳುತ್ತಾರೆ. ರೇಸ್ ಮುಗಿಯುವ ಗೆರೆ ಇನ್ನು ಸುಮಾರು 150 ಮೀಟರ್ ದೂರ ಇರುವಾಗ ಹಾರ್ನಿಶ್ ಹೊರಳಿದರು. 805 ಕಿ.ಮೀ. ಓಟದ ಕೊನೆಗೆ ಇಬ್ಬರ ನಡುವಿನ ಅಂತರ 0.0635 ಸೆಕೆಂಡ್, ಅಂದರೆ ಒಂದು ಕಾರಿನ ಉದ್ದಕ್ಕಿಂತ ತುಸುವೇ ಹೆಚ್ಚು. ಮಗ ಎರಡನೆಯವರು, ಅಪ್ಪ ಮೂರನೆಯವರು.

ಮಾರ್ಕೊ ಅವರು ಆ ರೇಸಿನಲ್ಲಿ ಮುಂದೆ 2025ರವರೆಗೆ ಒಟ್ಟು 20 ಬಾರಿ ಓಡಿಸಿದರೂ ಗೆಲುವು ಒಲಿಯಲಿಲ್ಲ. 2020ರಲ್ಲಿ ಗಂಟೆಗೆ 371 ಕಿ.ಮೀ.ಗೂ ಮೀರಿದ ಸರಾಸರಿ ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿ ಮೊದಲ ಸ್ಥಾನದಿಂದ ಹೊರಟರು. 1987ರಲ್ಲಿ ಅಜ್ಜನಿಗೆ ಸಿಕ್ಕಿದ್ದ ಆ ಜಾಗ ಅವರ ಮನೆಗೆ ಮರಳಿ ಬರಲು 33 ವರ್ಷ ಬೇಕಾಯಿತು. ರೇಸ್ ಮುಗಿಸಿದ್ದು 13ನೆಯವರಾಗಿ.

ಇದನ್ನು ದುರದೃಷ್ಟ ಎಂದು ಮುಗಿಸಿಬಿಡುವವರು ಬಹಳ. ನಾನು ಅಷ್ಟಕ್ಕೆ ಒಪ್ಪುವುದಿಲ್ಲ, ಏಕೆಂದರೆ ಅವರು ಓಡಿಸಿದ್ದು ತಂದೆಯ ತಂಡಕ್ಕೆ, ಮತ್ತು ಅದೇ ತಂಡದ ಕಾರುಗಳಲ್ಲಿ ಡಾರಿಯೊ ಫ್ರಾಂಕಿಟ್ಟಿ 2007ರಲ್ಲಿ, ರಯಾನ್ ಹಂಟರ್-ರೇ 2014ರಲ್ಲಿ, ಅಲೆಕ್ಸಾಂಡರ್ ರಾಸ್ಸಿ 2016ರಲ್ಲಿ, ತಕುಮಾ ಸಾಟೊ 2017ರಲ್ಲಿ ಅದೇ ಇಂಡಿಯಾನಾಪೊಲಿಸ್ 500 ಗೆದ್ದರು. ಚಾಲಕರಾಗಿ ಒಮ್ಮೆಯೂ ಗೆಲ್ಲದ ಮೈಕೆಲ್ ಅವರು ಮಾಲೀಕರಾಗಿ, ಮಾರ್ಕೊ ಬರುವ ಮೊದಲಿನ 2005ರ ಗೆಲುವೂ ಸೇರಿ, ಐದು ಬಾರಿ ಗೆದ್ದರು. ಮಗನ ಮೂಲಕ ಮಾತ್ರ ಒಮ್ಮೆಯೂ ಇಲ್ಲ. ನನ್ನ ಅಂದಾಜಿನಲ್ಲಿ ಮನೆತನ ಮಾರ್ಕೊ ಅವರನ್ನು ಬೆಳೆಸಿದ್ದಕ್ಕಿಂತ ಬೇಗ ಮೇಲೆ ಕೂರಿಸಿತು. ಉಳಿದವರು ಹಲವು ವರ್ಷ ಬೇರೆ ಬೇರೆ ತಂಡಗಳಲ್ಲಿ ಸೋತು, ಕೆಲಸ ಕಳೆದುಕೊಂಡು, ಕೆಟ್ಟ ಕಾರನ್ನೂ ಹತ್ತನೆಯ ಸ್ಥಾನಕ್ಕೆ ತರುವ ಉಪಾಯಗಳನ್ನು ಕಲಿತು ಆ ಸೀಟಿಗೆ ಬಂದವರು. ಮಾರ್ಕೊ ಅವರಿಗೆ ಸೀಟು ಮೊದಲು ಬಂತು, ಕಲಿಕೆ ಅದರ ಮೇಲೆ ಕೂತು ನಡೆಯಬೇಕಾಯಿತು. ಕಾರ ಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಕಲ್ಲೆಳೆಯುವ ಎತ್ತುಗಳನ್ನು ನೋಡಿದವರಿಗೆ ಗೊತ್ತು, ಎತ್ತು ಯಾರ ಮನೆಯದೆಂದು ಮೈಕಿನಲ್ಲಿ ಎಷ್ಟೇ ಸಾರಿದರೂ ಕೊನೆಗೆ ಟೇಪು ಹಿಡಿದು ಅಳೆಯುವುದು ಕಲ್ಲು ಸರಿದ ದೂರವನ್ನು.

ತದ್ವಿರುದ್ಧ ಉದಾಹರಣೆ ಇಂಗ್ಲೆಂಡಿನ ಡೇಮನ್ ಹಿಲ್ ಅವರದು. ತಂದೆ ಗ್ರಹಾಂ ಹಿಲ್ 1962 ಮತ್ತು 1968ರ ವಿಶ್ವ ಚಾಂಪಿಯನ್. 1975ರ ನವೆಂಬರಿನಲ್ಲಿ ತಾವೇ ನಡೆಸುತ್ತಿದ್ದ ವಿಮಾನ ಬಿದ್ದು ಅವರು ತೀರಿಕೊಂಡಾಗ ಮಗನಿಗೆ 15 ವರ್ಷ, ಮನೆಯ ಹಣವೂ ಆ ಅಪಘಾತದ ಪರಿಹಾರಕ್ಕೆ ಕರಗಿತು. ಬೈಕಿನಲ್ಲಿ ಕೊರಿಯರ್ ಹಂಚುತ್ತ, ಮೊದಲು ಬೈಕ್ ರೇಸ್, ಆಮೇಲೆ ಕಾರ್ ರೇಸ್ ಎಂದು ಸಾಗಿದ ಡೇಮನ್ ಅವರು ಫಾರ್ಮುಲಾ ಒನ್ ಮುಟ್ಟಿದ್ದು 31ರ ವಯಸ್ಸಿನಲ್ಲಿ, ವಿಶ್ವ ಪ್ರಶಸ್ತಿ ಗೆದ್ದದ್ದು 1996ರಲ್ಲಿ, 36ರಲ್ಲಿ. ತಂದೆ ಮತ್ತು ಮಗ ಇಬ್ಬರೂ ಚಾಂಪಿಯನ್ ಆದದ್ದು ಅದೇ ಮೊದಲು.

ನಿಮ್ಮ ಮಗನ ದಾರಿಯ ವಿಷಯವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದಿದ್ದೇನೆ.

ಪ್ರಶ್ನೆ (ರಾಯಚೂರು ಜಿಲ್ಲೆ ಮಾನ್ವಿಯ ಗೃಹಿಣಿಯೊಬ್ಬರಿಂದ): ಇಷ್ಟು ಸಾವು ನೋವು ಕಂಡ ಮನೆಯವರು ಮಕ್ಕಳನ್ನು ಮತ್ತೆ ಅದೇ ಕೆಲಸಕ್ಕೆ ಹೇಗೆ ಕಳುಹಿಸುತ್ತಾರೆ?

ಉತ್ತರ: ಕಳುಹಿಸುತ್ತಾರೆ ಎಂಬುದಕ್ಕಿಂತ ತಡೆಯಲಾರದೆ ಹೋಗುತ್ತಾರೆ ಎನ್ನುವುದು ಹೆಚ್ಚು ನಿಜ. ಕೆನಡಾದ ಗಿಲ್ ವಿಲ್ನೇವ್ ಅವರು 1982ರ ಮೇ 8ರಂದು ಬೆಲ್ಜಿಯಂನ ಝೋಲ್ಡರ್‌ನಲ್ಲಿ ಸತ್ತಾಗ ಮಗ ಜಾಕ್ ಅವರಿಗೆ 11 ವರ್ಷ. 1997ರಲ್ಲಿ ಆ ಮಗ ತಂದೆಗೆ ದಕ್ಕದ ವಿಶ್ವ ಪ್ರಶಸ್ತಿಯನ್ನು ಗೆದ್ದರು. ಅಮೆರಿಕದ ಡೇಲ್ ಅರ್ನ್‌ಹಾರ್ಟ್ ಅವರದು ಇನ್ನೂ ಕಠಿಣ ಕಥೆ. ಏಳು ಬಾರಿ ಚಾಂಪಿಯನ್ ಆಗಿದ್ದ ಅವರು 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ತೀರಿಕೊಂಡರು. ಅದೇ ರೇಸಿನಲ್ಲಿ ಮಗ ಡೇಲ್ ಜೂನಿಯರ್ ಎರಡನೆಯವರಾಗಿ ಗೆರೆ ದಾಟಿದ್ದರು. ಅದೇ ಜುಲೈನಲ್ಲಿ ಅದೇ ಟ್ರ್ಯಾಕಿಗೆ ಮರಳಿ ಬಂದು ಅವರು ಗೆದ್ದರು.

ಆ ಸಾವಿನ ಕಾರಣವನ್ನು ತಿಳಿದರೆ ನಿಮ್ಮ ಆತಂಕಕ್ಕೆ ಸ್ವಲ್ಪ ಸಮಾಧಾನ ಸಿಗಬಹುದು. ಬೆಲ್ಟು ಮೈಯನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಹೆಲ್ಮೆಟ್ಟಿನ ಭಾರ ಹೊತ್ತ ತಲೆ ಮುಂದಕ್ಕೆ ಜಗ್ಗಿ ತಲೆಬುರುಡೆಯ ಬುಡ ಬಿರುಕುಬಿಡುತ್ತದೆ. ಇದನ್ನು ತಡೆಯಲು ಹೆಗಲ ಮೇಲೆ ಕೂರುವ ಪಟ್ಟಿಯೊಂದಿದೆ. ಅದರಿಂದ ಹೊರಟ ಎರಡು ಬಿಗಿಪಟ್ಟಿಗಳು ಹೆಲ್ಮೆಟ್ಟಿಗೆ ಕೊಂಡಿಹಾಕಿ ತಲೆಯನ್ನು ಮೈಯೊಡನೆಯೇ ತಡೆದು ನಿಲ್ಲಿಸುತ್ತವೆ. ಹ್ಯಾನ್ಸ್ ಎಂಬ ಈ ಸಾಧನ ಮೊದಲೇ ಇತ್ತು, ಕುತ್ತಿಗೆ ತಿರುಗುವುದಿಲ್ಲವೆಂದು ಚಾಲಕರೇ ಬೇಡವೆನ್ನುತ್ತಿದ್ದರು. ತಲೆಯನ್ನು ಹೀಗೆ ಹಿಡಿದಿಡುವ ಸಾಧನವನ್ನು, ಡೇಟೋನಾ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ಆ ವರ್ಷವೇ ಕಡ್ಡಾಯ ಮಾಡಿತು, ಹ್ಯಾನ್ಸ್ 2003ರಲ್ಲಿ ಫಾರ್ಮುಲಾ ಒನ್‌ನಲ್ಲಿಯೂ ಕಡ್ಡಾಯವಾಯಿತು.

ಪ್ರಶ್ನೆ (ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ನೌಕರರೊಬ್ಬರಿಂದ): ಓಡುವುದು ಕಾರು, ಕೂತವರಿಗೆ ಏನು ಶ್ರಮ?

ಉತ್ತರ: ಬಾಯ್ಲರ್ ಬಳಿ ದುಡಿಯುವ ನಿಮಗೆ ಒಂದೇ ಮಾತಿನಲ್ಲಿ ಹೇಳಬಹುದು. ಬೆಂಕಿ ತಡೆಯುವ ಹಲವು ಪದರದ ಉಡುಪು, ಕೈಗವಸು, ತಲೆಮುಸುಕು ಧರಿಸಿ, 50 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಒಂದೂವರೆ ಗಂಟೆ ಕೂತಿದ್ದು, ತಿರುವಿನಲ್ಲಿ ಐದು ಪಟ್ಟು ಭಾರವಾಗುವ ತಲೆಯನ್ನು ಕುತ್ತಿಗೆಯ ಬಲದಿಂದ ನೇರ ಹಿಡಿದಿರಬೇಕು. ಬಿಸಿಲಿನ ಊರಿನ ರೇಸ್ ಮುಗಿಸಿ ಇಳಿಯುವಾಗ ಎರಡು ಮೂರು ಕಿಲೊ ತೂಕ ಬೆವರಾಗಿ ಹೋಗಿರುವುದು ಸಾಮಾನ್ಯ.

ಪ್ರಶ್ನೆ (ಕೊಪ್ಪಳದ ಪದವಿ ವಿದ್ಯಾರ್ಥಿನಿಯೊಬ್ಬರಿಂದ): ನಮ್ಮ ದೇಶದಲ್ಲಿ ಇಂಥ ಮನೆತನಗಳಿವೆಯೇ? ಎಲ್ಲ ಕಡೆಯೂ ಇದು ತಂದೆಯಿಂದ ಮಗನಿಗೆ ಮಾತ್ರ ಬರುವ ಆಸ್ತಿಯೇ?

ಉತ್ತರ: ಇವೆ, ಮತ್ತು ಹೆಚ್ಚಿನವು ದಕ್ಷಿಣ ಭಾರತದಲ್ಲಿಯೇ ಇವೆ. 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ, ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಅವರ ತಂದೆ ರ‍್ಯಾಲಿ ಚಾಂಪಿಯನ್ ಆಗಿದ್ದವರು. 2010ರಲ್ಲಿ ಫಾರ್ಮುಲಾ ಒನ್‌ಗೆ ಬಂದ ಎರಡನೆಯ ಭಾರತೀಯ, ಚೆನ್ನೈಯ ಕರುಣ್ ಚಂಧೋಕ್ ಅವರ ತಂದೆ ವಿಕ್ಕಿ ಚಂಧೋಕ್ ರ‍್ಯಾಲಿ ಚಾಲಕರು. ಅಜ್ಜ ಇಂದು ಚಂಧೋಕ್ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು. ಶ್ರೀಪೆರಂಬದೂರಿನ ಬಳಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇರುವುದು ಆ ಕ್ಲಬ್ಬಿನಿಂದ. ನಮ್ಮ ರಾಜ್ಯಕ್ಕೆ ಬಂದರೆ ಬೆಂಗಳೂರಿನ ಮೈನಿ ಸಹೋದರರಿದ್ದಾರೆ. ಅರ್ಜುನ್ ಜರ್ಮನಿಯ ಡಿಟಿಎಂ ಎಂಬ ಕಾರ್ ರೇಸ್ ಸರಣಿ ಸೇರಿದರೆ, ತಮ್ಮ ಕುಶ್ 2025ರಲ್ಲಿ ಮೊನಾಕೊದಲ್ಲಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದರು.

ನಿಮ್ಮ ಎರಡನೆಯ ಮಾತು ಚುಚ್ಚಬೇಕಾದ ಕಡೆಯೇ ಚುಚ್ಚಿದೆ. ಮ್ಯಾಕ್ಸ್ ವರ್ಸ್ಟಾಪನ್ ಅವರ ಬಗ್ಗೆ ಬರೆಯುವವರೆಲ್ಲ ಫಾರ್ಮುಲಾ ಒನ್ ಚಾಲಕರಾಗಿದ್ದ ತಂದೆ ಯೊಸ್ ಅವರನ್ನು ನೆನೆಯುತ್ತಾರೆ. ತಾಯಿ ಸೋಫಿ ಕುಂಪೆನ್ ಅವರು ಪುಟ್ಟ ತೆರೆದ ಕಾರುಗಳ ರೇಸಾದ ಕಾರ್ಟಿಂಗ್‌ನಲ್ಲಿ ಹೆಸರು ಮಾಡಿದ್ದವರು ಎಂಬುದು ಅಡಿಟಿಪ್ಪಣಿಯಾಗಿ ಉಳಿಯುತ್ತದೆ. ಹೆಣ್ಣುಮಕ್ಕಳ ಕೈಗೆ ಈ ಆಸ್ತಿ ನೇರವಾಗಿ ಬಂದದ್ದು ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ, ಅಂದರೆ ನೇರ ದಾರಿಯ ಚುಟುಕು ಓಟದಲ್ಲಿ: 16 ಬಾರಿ ಚಾಂಪಿಯನ್ ಆದ ಜಾನ್ ಫೋರ್ಸ್ ಅವರ ಮಗಳು ಬ್ರಿಟನಿ 2017 ಮತ್ತು 2022ರಲ್ಲಿ ಟಾಪ್ ಫ್ಯೂಯಲ್ ವಿಭಾಗದ ಚಾಂಪಿಯನ್ ಆದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರಿಗಂತೂ ಮನೆತನದ ಬೆಂಬಲ ಯಾವುದೂ ಇರಲಿಲ್ಲ. ಬೈಕ್ ಏರಿ 2019ರಲ್ಲಿ ಬಾಹಾ ಎಂಬ ಕಚ್ಚಾ ಹಾದಿಯ ರೇಸ್‌ಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು.

ಮತ್ತೆ ಬಳ್ಳಾರಿಯ ಗ್ಯಾರೇಜ್ ಮಾಲೀಕರಿಗೆ: ನಮ್ಮ ಮೂರೂ ಜಿಲ್ಲೆಗಳಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಹತ್ತಿರದ್ದೆಂದರೆ ಬೆಂಗಳೂರಿನ ಕಾರ್ಟಿಂಗ್ ಟ್ರ್ಯಾಕ್, ಅದಕ್ಕೂ 300 ಕಿ.ಮೀ. ಪ್ರಯಾಣ, ಕಾರಿನ ರೇಸ್‌ಗೆ ಚೆನ್ನೈ ಇಲ್ಲವೇ ಕೊಯಮತ್ತೂರು. ಹೆದ್ದಾರಿಯಲ್ಲಿ ಅಭ್ಯಾಸ ಮಾಡಿಸುವ ಯೋಚನೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. ಸ್ಪರ್ಧಿಸಲು ಫೆಡರೇಷನ್ ಆಫ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಕೊಡುವ ಲೈಸೆನ್ಸ್ ಬೇಕು, ಆರ್‌ಟಿಒ ಕೊಡುವುದಲ್ಲ. ಹದಿನಾಲ್ಕು ಈ ಆಟದಲ್ಲಿ ತಡವಾದ ವಯಸ್ಸೇ. ವರ್ಸ್ಟಾಪನ್ 17ಕ್ಕೆ ಫಾರ್ಮುಲಾ ಒನ್ ಓಡಿಸಿಬಿಟ್ಟಿದ್ದರು. ಆದರೆ ರಾಷ್ಟ್ರೀಯ ಮಟ್ಟದ ರೇಸಿಗೆ ತಡವಲ್ಲ. ಮಾರುತಿ ಎಂಜಿನ್ ಕೂಡಿಸಿದ ಫಾರ್ಮುಲಾ ಕಾರುಗಳ ಸ್ಪರ್ಧೆ ನಮ್ಮಲ್ಲಿ ಬಹುಕಾಲದಿಂದ ನಡೆದಿದೆ, ನರೇನ್ ಅವರು ಮೊದಲು ಓಡಿಸಿದ್ದೂ ಅಂಥದ್ದನ್ನೇ. ಯುರೋಪಿನ ಕನಸಿಗೆ ಮಾತ್ರ ಹಲವು ಕೋಟಿ ಬೇಕು, ಆ ಲೆಕ್ಕವನ್ನು ಮಗನ ಎದುರಿಗೇ ಮಾಡಿ ತೋರಿಸಿ.

ನಿಮ್ಮ ಬಳಿ ಇಲ್ಲದ್ದು ಮನೆತನ. ಇರುವುದು ಗ್ಯಾರೇಜ್, ಮತ್ತು ಕಾರ್ಟಿಂಗ್‌ನಲ್ಲಿ ಅದರ ಬೆಲೆ ಸಣ್ಣದಲ್ಲ. ಅಲ್ಲಿ ಬಳಸುವ 125 ಸಿಸಿ ಟು-ಸ್ಟ್ರೋಕ್ ಎಂಜಿನ್ನಿನ ಕಾರ್ಬ್ಯುರೇಟರ್‌ಗೆ ಬೆಳಗಿನ ತಂಪಿನಲ್ಲಿ ಹೊಂದಿದ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ. ಸುತ್ತು ಮುಗಿಸಿ ಬಂದ ಕೂಡಲೇ ಪ್ಲಗ್ ಬಿಚ್ಚಿ ನೋಡಬೇಕು: ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುವ ಅಪಾಯ. ಉಳಿದ ಹುಡುಗರು ಇದಕ್ಕೆ ಮೆಕ್ಯಾನಿಕ್‌ಗೆ ದುಡ್ಡು ಕೊಡುತ್ತಾರೆ. ಈ ಬೇಸಿಗೆ ರಜೆಯಲ್ಲಿ ವಿಡಿಯೊ ಬದಿಗಿಡಿಸಿ, ಗ್ಯಾರೇಜಿಗೆ ಬರುವ ಹಳೆಯ ಟು-ಸ್ಟ್ರೋಕ್ ಗಾಡಿಗಳ ಪ್ಲಗ್ಗುಗಳನ್ನು ಅವನ ಕೈಯಲ್ಲೇ ಬಿಚ್ಚಿಸಿ; ಒಂದು ತಿಂಗಳ ನಂತರವೂ ಪಾನಾ ಕೆಳಗಿಡದಿದ್ದರೆ ಬೆಂಗಳೂರಿಗೆ ರೈಲು ಟಿಕೆಟ್ ತೆಗೆಸಿ.